ದೋಣಿಯ ರೆಕ್ಕೆ, ಮೂರನೇ ತೂತು

ಆ ಭಾನುವಾರ ಹಿನ್ನೀರಿನ ದಡದಲ್ಲಿ ನಿಂತು ನೋಡಿದ್ದು ಸ್ಕೂಟರ್ ಓಡಿಸುವಾಗಲೂ ಕಣ್ಣಮುಂದೆ ಬರುತ್ತದೆ. ಅಣ್ಣನ ಪುಟ್ಟ ಮೋಟಾರು ದೋಣಿ ವೇಗ ಹಿಡಿಯಿತು, ಮೂತಿ ನೀರನ್ನು ಕಚ್ಚಿತು, ದೋಣಿ ಬಲಕ್ಕೆ ಗಿರ್ರನೆ ತಿರುಗಿತು. ನಡುವಿನ ಹಲಗೆಯ ಮೇಲಿದ್ದ ಅವನ ಮಗಳು ಅಂಚಿನಾಚೆ ವಾಲಿದಳು. ಜಾಕೆಟ್ಟಿನ ಪಟ್ಟಿ ಅಣ್ಣನ ಕೈಗೆ ಸಿಕ್ಕಿತು. ಸಿಗದಿದ್ದರೆ?

ನನ್ನ ಅನುಮಾನ ಹೋದದ್ದು ಹೊಸ ರೆಕ್ಕೆಯ ಮೇಲೆ, ಅದನ್ನು ಕೂರಿಸಿದ ಮೆಕ್ಯಾನಿಕ್ಕಿನ ಮೇಲೆ. ಎಂಜಿನ್ನೂ ಅಣ್ಣನೂ ಹಿಂದೆಯೇ ಇದ್ದುದರಿಂದ ಹೊರಟೊಡನೆ ದೋಣಿಯ ಮೂತಿ ಆಕಾಶ ನೋಡುತ್ತಿತ್ತು. ಮೆಕ್ಯಾನಿಕ್ಕು ಪ್ರೊಪೆಲ್ಲರಿನ ಮೇಲಿನ ತಟ್ಟೆಗೆ ಎರಡು ಪ್ಲಾಸ್ಟಿಕ್ ರೆಕ್ಕೆ ಬಿಗಿದು, "ಇನ್ಮೇಲೆ ಮಟ್ಟವಾಗಿ ಓಡ್ತದೆ ಕಣ್ರೀ" ಎಂದಿದ್ದ. ಓಡಿಸಿ ತೋರಿಸಿಯೂ ಇದ್ದ. ಅಷ್ಟು ನಯವಾಗಿ ಮಾತಾಡುವವರನ್ನು ನಾನು ನಂಬುವುದಿಲ್ಲ.

ಅಣ್ಣ ಆಗಲೇ ಅವನಿಗೆ ಬೈದಿದ್ದ; ನಾನೂ ಫೋನು ಮಾಡಿ ಬೈದೆ.

"ಆಮೇಲೆ ಎಂಜಿನ್ ಯಾರು ಮುಟ್ಟಿದ್ರು ಅಂತ ಕೇಳ್ರಮ್ಮಾ. ಎಂಜಿನ್ ಕೂರಿಸೋ ಪಟ್ಟಿಲಿ ಸಾಲಾಗಿ ತೂತಿದೆ, ಎಂಜಿನ್ ಎಷ್ಟು ವಾಲ್ಬೇಕು ಅನ್ನೋದು ಅದ್ರಲ್ಲಿ ಹಾಕೋ ಪಿನ್ನಿನ ಕೈಲಿದೆ. ಮೂರನೇ ತೂತಲ್ಲಿರ್ಬೇಕು. ಒಳಗಡೆ ಮೊದಲ್ನೇ ತೂತಿಗೆ ಹಾಕ್ಬುಟ್ರೆ ಮೂತಿ ಇಳೀತದೆ, ರೆಕ್ಕೆ ಬೇರೆ ಹಿಂದಿಂದ ಎತ್ತುತ್ತದೆ. ದೋಣಿ ತಿರುಗ್ದೆ ಇನ್ನೇನ್ ಮಾಡ್ತದೆ?"

ಜಾರಿಕೊಳ್ಳುವ ಮಾತು ಅಂದುಕೊಂಡೆ.

ಶನಿವಾರ ಅಣ್ಣನೇ ಫೋನು ಮಾಡಿದ. "ರೆಕ್ಕೆ ಕಿತ್ತೆಸೆದ್ಬುಟ್ಟೆ ಕಣೇ. ನಾಳೆ ಪಾಪೂನ ಮತ್ತೆ ಕೂರಿಸ್ಕೊಂಡು ಹೋಗ್ತೀನಿ. ಇಲ್ದಿದ್ರೆ ಭಯ ಹಂಗೇ ಉಳ್ಕೊಂಡ್ಬುಡ್ತದೆ."

ರೆಕ್ಕೆ ಹೋದರೂ ಪಿನ್ನು ಇದ್ದಲ್ಲೇ ಇದೆಯಲ್ಲ ಎಂದು ಮೆಕ್ಯಾನಿಕ್ಕಿನ ಮಾತು ಆಗ ಚುಚ್ಚಿತು. ರೆಕ್ಕೆ ಕೂರಿಸಿದ ಮೇಲೆ, ಆ ಭಾನುವಾರಕ್ಕೆ ಮುಂಚೆ ಮಾಡಿದ್ದ ಆಯುಧಪೂಜೆಯ ಫೋಟೋಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಎಂಜಿನ್ ತೊಳೆಯುವ ಮುಂಚಿನದರಲ್ಲಿ ಪಿನ್ನು ಮೂರನೇ ತೂತಿನಲ್ಲಿತ್ತು. ಹಾರ ಹಾಕಿದ ಮೇಲಿನದರಲ್ಲಿ ಮೊದಲನೆಯದರಲ್ಲಿ. ನಡುವೆ ಅಣ್ಣ ಬೂದುಗುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದ. ಪಿನ್ನು ಎಳೆದು, ತುಕ್ಕು ಉಜ್ಜಿ, ಕಂಡ ತೂತಿಗೆ ತುರುಕಿದವಳು ನಾನು.

ಶ್ರೀರಾಂಪುರದ ಅವನ ಮನೆಗೆ ಹೋದೆ. ಶೀಟಿನಡಿ ದೋಣಿ ಹೊರಡಲು ಸಿದ್ಧವಾಗಿತ್ತು.

"ಪಿನ್ನು ತಪ್ಪು ತೂತಲ್ಲಿದೆ. ಹಾಕಿದ್ದು ನಾನೇ."

ಅಣ್ಣ ಎಂಜಿನ್ನಿನ ಬಳಿ ಬಗ್ಗಿ ನೋಡಿದ. "ನಾವಿಬ್ರೂ ಆ ಮನುಷ್ಯನಿಗೆ ಬೈದಿದ್ದು?"

"ಅವರನ್ನೇ ಕರ್ಸು. ಅವರು ನೋಡೋವರೆಗೂ ನೀರಿಗಿಳಿಸ್ಬೇಡ."

ಪಿನ್ನು ತೆಗೆದು ಮೂರನೇ ತೂತಿಗೆ ಹಾಕಿದೆ. ಅಣ್ಣ ಬೆರಳಿಟ್ಟು ಎಣಿಸಿದ. ಪಾಪು ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ಅಪ್ಪನ ಕೈ ಸರಿಸಿ, ತಾನೇ ಮೊದಲಿಂದ ಎಣಿಸಿದಳು.