ಬ್ಯಾಟರಿಯ ಸಾವಿಗೆ ಕಾದವಳು

ಸೋಲಾರ್ ಸಾಹೇಬ ಮೊದಲ ಸಲ ಅಂಗಡಿಗೆ ಬಂದಾಗ ಟೈಲರಕ್ಕ ಯಾರದೋ ಅಂಗಿಯ ತೋಳು ಬಿಚ್ಚುತ್ತ ಕೂತಿದ್ದಳು. ಆತ ಸೀದಾ ಒಳಬಂದು, ಕತ್ತರಿಸಲು ನೆಲಕ್ಕೆ ಹಾಸಿದ್ದ ಬಟ್ಟೆಯ ಅಂಚು ಮೆಟ್ಟಿ ನಿಂತ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಎಡತೋಳಿನ ಗುಂಡಿಯನ್ನು ಮಾತ್ರ ನೀಲಿ ದಾರದಲ್ಲಿ ಹೊಲಿಯಲಾಗಿತ್ತು. ಕಸುಬಿನ ಕಣ್ಣು, ಮುಖಕ್ಕಿಂತ ಮೊದಲು ಅದನ್ನೇ ನೋಡಿತು.

ಆ ಬೀದಿಯಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾಹೇಬನ ಕಂಪನಿಯವರು ಕೆಲವು ಅಂಗಡಿಗಳಿಗೆ ಪುಕ್ಕಟೆಯಾಗಿ ಮೇಲೊಂದು ಸೋಲಾರ್ ಪ್ಯಾನೆಲ್, ಒಳಗೊಂದು ಬ್ಯಾಟರಿ ಕೂರಿಸುತ್ತಾರಂತೆ.

"ಹತ್ತು ವರ್ಷ ಇದರ ಕಡೆ ತಿರುಗಿ ನೋಡೋದೇ ಬೇಡಮ್ಮ," ಎಂದ ಸಾಹೇಬ. "ನೀವು ನಾಲ್ಕು ಜನಕ್ಕೆ ಹೇಳ್ಬೇಕು, ಅಷ್ಟೇ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋಳಲ್ಲ ಸಾರ್ ನಾನು. ನಾಲ್ಕು ಮಳೆಗಾಲ ಕಳೀಲಿ, ಆಮೇಲೆ ಹೇಳ್ತೀನಿ."

ಬಟ್ಟೆ ಕೊಡಲು ಬಂದಿದ್ದ ಹೆಂಗಸರು ನಕ್ಕರು. ಸಾಹೇಬನ ಕಿವಿ ಕೆಂಪಾಯಿತು.

"ನಿಮಗೆ ಸೂಜಿ ಗೊತ್ತು, ಅದನ್ನ ನೋಡ್ಕೊಳ್ಳಿ. ಸೂರ್ಯನ ವಿಷಯ ನಮಗೆ ಬಿಡಿ."

ಹೆಂಗಸರು ಈಗಲೂ ನಕ್ಕರು. ತನ್ನ ಅಂಗಡಿ, ತನ್ನ ಗಿರಾಕಿಗಳು, ನಗೆ ಮಾತ್ರ ಅವನ ಕಡೆಗೆ. ಅದು ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿಯಿತು.

"ಕೂರಿಸಿ," ಎಂದಳು.

ಅವಳ ಲೆಕ್ಕ ಸರಳವಾಗಿತ್ತು. ಬ್ಯಾಟರಿ ಬೇಗ ಕೆಟ್ಟೇ ಕೆಡುತ್ತದೆ. ಕೆಟ್ಟ ದಿನ ಅದನ್ನು ಹೊತ್ತುಕೊಂಡು ಹೋಗಿ, ಅವನ ಆಫೀಸಿನವರೆಲ್ಲ ನೋಡುತ್ತಿರುವಾಗ ಅವನ ಮೇಜಿನ ಮೇಲೆ ಕುಕ್ಕಬೇಕು. ಆದರೆ 'ನೀವು ಸರಿಯಾಗಿ ನೋಡ್ಕೊಂಡಿಲ್ಲ' ಎಂದು ಅವನು ಜಾರಿಕೊಳ್ಳಬಾರದು. ಅದಕ್ಕೇ ಕೂರಿಸಲು ಬಂದ ಫಿಟ್ಟರನ್ನು ಕೆದಕಿ ಕೆದಕಿ ಕೇಳಿದಳು. ದಿನಾ ಬೆಳಿಗ್ಗೆ ಏಣಿ ಹತ್ತಿ ಪ್ಯಾನೆಲ್ಲಿನ ಧೂಳು ಒರೆಸಿದಳು. ಬ್ಯಾಟರಿಯ ನೀರು ಇಳಿಯದಂತೆ ಕಾದಳು, ತಂತಿ ಕಚ್ಚುವಲ್ಲಿ ಕಿಲುಬು ಕಟ್ಟಲು ಬಿಡಲಿಲ್ಲ.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ನನ್ನ ಮಂಡಿಗೆ ಎಣ್ಣೆ ಹಚ್ಚೋಕೆ ನಿನಗೆ ಪುರುಸೊತ್ತಿಲ್ಲ. ಆ ಪೆಟ್ಟಿಗೆಗೆ ಮಾತ್ರ ಬಾಣಂತನ."

"ಅದು ಸಾಯಲಿ ಅಂತಾನೇ ಮಾಡ್ತಿರೋದು ಅತ್ತೆ."

"ಹಾಗಾದ್ರೆ ನನಗೆ ಹಚ್ಚದೆ ಇರೋದೇ ವಾಸಿ ಬಿಡು."

ಮೂರನೆಯ ವರ್ಷ ಸೈಕಲ್ ಅಂಗಡಿಯ ಬ್ಯಾಟರಿ ಸತ್ತಿತು. ಆಮೇಲೆ ಇಸ್ತ್ರಿಯವನದು, ಅವನ ಪಕ್ಕದ ಕ್ಷೌರದಂಗಡಿಯದು. ಒಂದೊಂದು ಸತ್ತಾಗಲೂ ಅವಳಿಗೆ ಒಳಗೊಳಗೇ ಹಿಗ್ಗು. ಅವಳದು ಮಾತ್ರ ಗುಂಡುಕಲ್ಲಿನ ಹಾಗೆ ಕೂತಿತ್ತು. ಸಾಯಲೆಂದೇ ಕಾದರೆ ಇದು ನೂರು ವರ್ಷದ ಮುದುಕಿಯ ಹಾಗೆ ಹಟ ಹಿಡಿದಿದೆಯಲ್ಲ ಎಂದು ಅವಳು ಹಲ್ಲು ಕಡಿದಳು.

ಏಳನೆಯ ವರ್ಷ ಸಾಹೇಬನೇ ಬಂದ, ಜೊತೆಗೆ ದೊಡ್ಡ ಕುಳಗಳಂತೆ ಕಾಣುವ ಇಬ್ಬರು. ಇಡೀ ಊರಿಗೆ ಇಂಥವನ್ನೇ ಕೊಳ್ಳಲು ಹೊರಟವರು.

"ನೋಡಿ, ಹೊಸದರ ಹಾಗಿದೆ," ಎಂದ ಸಾಹೇಬ. "ಈಯಮ್ಮನೇ ನಮಗೆ ಸಾಕ್ಷಿ."

ಟೈಲರಕ್ಕನಿಗೆ ಮೈ ಉರಿಯಿತು. ಹಗೆಯವನಿಗೆ ಬೇಕಾದ ಸಾಕ್ಷಿಯನ್ನು ತಾನೇ ಸಾಕಿ ಬೆಳೆಸಿದ್ದಳು. ಹೊಲಿಗೆ ಯಂತ್ರ ನಿಲ್ಲಿಸಿದಳು.

"ಈ ಬೀದೀಲಿ ಮಿಕ್ಕವು ಯಾಕೆ ಸತ್ತವು, ಅದನ್ನೂ ಹೇಳಿ ಸಾರ್."

"ಅವರು ನೋಡ್ಕೊಳ್ಳಲಿಲ್ಲ."

"ತಿರುಗಿ ನೋಡೋದೇ ಬೇಡ ಅಂದಿದ್ದು ಯಾರು?"

ಅವಳು ಆ ಇಬ್ಬರ ಕಡೆ ತಿರುಗಿದಳು.

"ಇದು ಬದುಕಿರೋದು ಬಿಸಿಲಿನಿಂದಲ್ಲ ಸ್ವಾಮಿ, ಇವರ ಮೇಲಿನ ನನ್ನ ಸಿಟ್ಟಿನಿಂದ. ಒಂದೊಂದು ಬ್ಯಾಟರಿ ಜೊತೆ ನನ್ನಂಥ ಒಬ್ಬ ಶತ್ರುವನ್ನೂ ಕೊಡ್ತಾರಾ ಕೇಳಿ. ಕೊಟ್ಟರೆ ಧಾರಾಳವಾಗಿ ತಗೊಳ್ಳಿ."

ಆ ಇಬ್ಬರಲ್ಲಿ ಹಿರಿಯವರು ನಕ್ಕರು. ನಗು ನಿಂತ ಮೇಲೆ ಸಾಹೇಬನಿಗೆ ಹೇಳಿದರು: "ಮೊದ್ಲು ಸತ್ತಿರೋವನ್ನ ಎಬ್ಬಿಸ್ರೀ. ನೋಡ್ಕೊಳ್ಳೋಕೆ ಜನ ಇಡಿ. ಊರಿನ ಮಾತು ಆಮೇಲೆ."

ಸಾಹೇಬ ತಲೆ ತಗ್ಗಿಸಿ ಹೊರಟ. ಅವನು ಬೀದಿಯ ತಿರುವು ದಾಟುವವರೆಗೂ ಟೈಲರಕ್ಕ ಬಾಗಿಲಲ್ಲಿ ನಿಂತು ಕಣ್ಣು ತುಂಬ ನೋಡಿದಳು.

"ಹಗೆ ತೀರಿತಲ್ಲ, ಇನ್ನಾದ್ರೂ ಏಣಿ ಬಿಡು," ಎಂದರು ಅತ್ತೆ.

"ಎಲ್ಲಿ ತೀರಿತು? ತಪ್ಪಾಯ್ತು ಅನ್ಲಿಲ್ಲವಲ್ಲ."

ಟೈಲರಕ್ಕ ಈಗಲೂ ಅದೇ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಬೆಳಿಗ್ಗೆ ಮೊದಲು ಪ್ಯಾನೆಲ್ ಒರೆಸುತ್ತಾಳೆ.