ಕುರಿಯ ಮೂತ್ರದ ಬಣ್ಣ

ಅವನು ಹೇಡಿ, ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ. ದೊಡ್ಡವರು ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವ ಜಾತಿ. ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹೌದಪ್ಪ ಎಂದು. ಹೆಂಡತಿ, "ನಿಮ್ಮ ಕುರಿಗಳಾದ್ರೂ ಬ್ಯಾ ಅಂತಾವೆ, ನೀವು ಅದೂ ಅನ್ನಲ್ಲ" ಎನ್ನುತ್ತಿದ್ದಳು. ಅದಕ್ಕೂ ಅವನು "ಹೌದು ಕಣೇ" ಎನ್ನುತ್ತಿದ್ದ.

ಕುರಿಗಳ ಕುತ್ತಿಗೆ ಬೋಳಿಸುವುದು, ಕೊಳವೆ ತೊಳೆಯುವುದು, ಸತ್ತದ್ದನ್ನು ಸಾಗಿಸುವುದು ಅವನ ಕೆಲಸ. ಅಲ್ಲಿ ಹೊಸ ಪಂಪೊಂದರ ಪರೀಕ್ಷೆ ನಡೆದಿತ್ತು. ಶಸ್ತ್ರಚಿಕಿತ್ಸೆಗಾಗಿ ಹೃದಯ ನಿಲ್ಲಿಸಿದಾಗ ಅದು ರಕ್ತವನ್ನು ಒಂದೇ ಸಮನೆ ಹರಿಸದೆ, ಹೃದಯದ ಹಾಗೆಯೇ ಮಿಡಿದು ಮಿಡಿದು ತಳ್ಳುತ್ತಿತ್ತು. ಹಾಗಾಗಿ ಕುರಿಯ ಸ್ವಂತ ಹೃದಯ ನಿಂತೇ ಇದ್ದರೂ ಕುತ್ತಿಗೆಯಲ್ಲಿ ನಾಡಿ ಭರ್ಜರಿಯಾಗಿ ಹೊಡೆಯುತ್ತಿತ್ತು. ಪರೀಕ್ಷೆ ನಡೆಸುತ್ತಿದ್ದ ಡಾಕ್ಟರು ಹಿಂದಿನ ಸಲ ಕುರಿಯ ಕುತ್ತಿಗೆಗೆ ಬೆರಳಿಟ್ಟು, "ಹೃದಯ ಶುರುವಾಯ್ತು, ಅಲ್ವೇನಯ್ಯ?" ಎಂದಿದ್ದರು. ಅವರ ಬೆನ್ನ ಹಿಂದಿನ ಪರದೆಯಲ್ಲಿ ಹೃದಯಬಡಿತದ ಗೆರೆ ಚಪ್ಪಟೆಯಾಗಿ ಬಿದ್ದಿದ್ದು ಹೌದಪ್ಪನಿಗೆ ಕಾಣುತ್ತಿತ್ತು. ಹೌದು ಸಾರ್ ಎಂದ. ಪಂಪು ನಿಲ್ಲಿಸಿದರು; ಕುರಿ ಸತ್ತಿತು. "ಅರಿವಳಿಕೆ ಜಾಸ್ತಿಯಾಗಿತ್ತು," ಎಂದರು ಡಾಕ್ಟರು. ಅದಕ್ಕೂ ಹೌದು ಸಾರ್.

ಮುಂದಿನ ಕುರಿ ಬದುಕಿ ಎದ್ದು ನಿಂತಿತು. ಪಂಪನ್ನು ರೋಗಿಗಳಿಗೆ ಬಳಸಬಹುದೇ ಎಂದು ತೀರ್ಮಾನಿಸುವ ಸಮಿತಿ ಮರುದಿನವೇ ಅದನ್ನು ನೋಡಲು ಬರುವುದಿತ್ತು. ಆದರೆ ಬೆಳಗ್ಗೆ ನೋಡಿದರೆ, ದೊಡ್ಡಿಯ ಹಿಂಬದಿಯ ಸರಳಿಗೆ ತೂಗುಹಾಕಿದ್ದ ಮೂತ್ರದ ಚೀಲ ಕೆಂಪಾಗಿತ್ತು. ಪಂಪಿನ ಹೊಡೆತಕ್ಕೆ ರಕ್ತದ ಕಣಗಳು ಒಡೆದುಹೋಗಿದ್ದವು. ಮನುಷ್ಯನಿಗಾದರೆ ಮೂತ್ರಪಿಂಡಗಳೇ ಹೋಗಬಹುದು. ಅದು ಇಬ್ಬರಿಗೂ ಗೊತ್ತಿತ್ತು.

"ಅವರು ಬರೋದ್ರೊಳಗೆ ಚೀಲ ಬದಲಾಯಿಸಿಬಿಡು," ಎಂದರು ಡಾಕ್ಟರು. "ನಿನ್ನ ಮಗಳ ಕೆಲಸದ ವಿಷಯಾನೂ ಇವತ್ತೇ ಮಾತಾಡ್ತೀನಿ. ಖುಷಿ ತಾನೆ?"

"ಹೌದು ಸಾರ್."

ಮಗಳು ಓದು ಮುಗಿಸಿ ಮನೆಯಲ್ಲೇ ಕೂತಿದ್ದಳು. "ಜೀವಮಾನವೆಲ್ಲ ಹೌದು ಅಂದ್ರಲ್ಲಪ್ಪ, ಏನು ಸಿಕ್ತು?" ಎಂದು ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದಳು. ಸಿಗುವ ದಿನ ಕೊನೆಗೂ ಬಂದಿತ್ತು. ಅವನು ಹೊಸ ಚೀಲ ತಂದ, ಮೇಲಿನ ಕಾಗದ ಹರಿದ. ಕುರಿ ಅವನ ತೋಳನ್ನು ಮೂಸಿತು.

"ಸುಮ್ನಿರೇ," ಎಂದು ಗದರಿದ.

ಓಣಿಯಲ್ಲಿ ಡಾಕ್ಟರ ನಗು, ಅದರ ಹಿಂದೆ ಸಮಿತಿಯವರ ಬೂಟುಗಳ ಸದ್ದು ಕೇಳಿಸಿತು. ಹೌದಪ್ಪ ಹೊಸ ಚೀಲವನ್ನು ಕಸದ ಡಬ್ಬಿಗೆ ಹಾಕಿದ. ಕೆಂಪು ಚೀಲವನ್ನು ಹಿಂದಿನಿಂದ ಬಿಡಿಸಿ ತಂದು, ಬಾಗಿಲಿಗೆ ಎದುರಾದ ಸರಳಿಗೆ ಸಿಕ್ಕಿಸಿದ. ಕೊಕ್ಕೆ ಜಾರಿತು. ಮತ್ತೆ ಸಿಕ್ಕಿಸಿದ.