ಹನ್ನೆರಡು ಗಂಟೆಯ ಕರೆಂಟು

ನಾನು ಕೆಲಸ ಮಾಡುವುದು ಹಾಸನದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲ್ಯಾಬಿನಲ್ಲಿ. ಯುಪಿಎಸ್, ಚಾರ್ಜರ್, ಇನ್ವರ್ಟರ್ ಮಾಡುವವರು ತಮ್ಮ ಸರಕನ್ನು ನಮ್ಮಲ್ಲಿಗೆ ತರುತ್ತಾರೆ. ನಾವು ಅದಕ್ಕೆ ಬೇಕಾದಷ್ಟು ಕಾಟ ಕೊಟ್ಟು, ಬದುಕಿ ಉಳಿದರೆ ಪಾಸು ಎಂದು ಬರೆದುಕೊಡುತ್ತೇವೆ. ಕಾಟ ಕೊಡುವ ಯಂತ್ರದ ಹೆಸರು ಪವರ್ ಆಂಪ್ಲಿಫೈಯರ್. ಮದುವೆ ಮನೆಯ ಮೈಕ್‌ಸೆಟ್ಟು ಹಾಡನ್ನು ದೊಡ್ಡದು ಮಾಡಿದ ಹಾಗೆ ಇದು ಕರೆಂಟನ್ನು ದೊಡ್ಡದು ಮಾಡುತ್ತದೆ. ಯಾವುದೋ ಊರಿನ ಪ್ಲಗ್ಗಿನಲ್ಲಿ ಆದ ಏರಿಳಿತವನ್ನೆಲ್ಲ ರೆಕಾರ್ಡ್ ಮಾಡಿ ತಂದುಕೊಟ್ಟರೆ, ಅದನ್ನೇ ನಮ್ಮ ಮೇಜಿನ ಮೇಲೆ ನಿಜವಾದ ವೋಲ್ಟೇಜಿನಲ್ಲಿ ಆಡಿಸಿ ತೋರಿಸುತ್ತದೆ. ಇದರ ಹೆಚ್ಚುಗಾರಿಕೆ ವೇಗದಲ್ಲಿದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಬಂದುಹೋಗುವ ಹೊಡೆತವನ್ನೂ ಬಿಡದೆ ಆಡಿಸುತ್ತದೆ. ಈ ಯಂತ್ರದ ಬಗ್ಗೆ ನನಗೆ ವಿಪರೀತ ಜಂಬವಿತ್ತು. ಯಾರಾದರೂ ಅದರ ಗುಂಡಿ ಮುಟ್ಟಿದರೆ ಮೈಮೇಲೆ ಬೀಳುತ್ತಿದ್ದೆ.

ಆ ಭಾದ್ರಪದದಲ್ಲಿ ಚನ್ನರಾಯಪಟ್ಟಣದ ಆಚೆಯ ಹಳ್ಳಿಯಿಂದ ಒಬ್ಬರು ವಯಸ್ಸಾದವರು ಬಂದರು. ಜೈನರು, ಬಹಳ ವರ್ಷ ರೇಡಿಯೋ, ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದವರು. ಅವರ ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮಿಷಿನ್ನು ಹಗಲೂ ರಾತ್ರಿ ಓಡಬೇಕು. ಆದರೆ ತೋಟಗಳಿಗೆ ತ್ರೀ ಫೇಸ್ ಕರೆಂಟು ಬಿಟ್ಟ ಕೂಡಲೇ ಊರಿನ ಪಂಪಿನ ಮೋಟಾರುಗಳೆಲ್ಲ ಆಟೋ ಸ್ಟಾರ್ಟರಿನಲ್ಲಿ ಒಟ್ಟಿಗೆ ಎದ್ದು, ಇವರ ಮನೆಯ ವೋಲ್ಟೇಜು ಕುಸಿದು, ಸ್ಟೆಬಿಲೈಜರ್ ಇದ್ದರೂ ಮಿಷಿನ್ನು ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಮಾಡಿ ಸರಿಹೋಗುವಷ್ಟರಲ್ಲಿ ಆಕೆಯ ತುಟಿ ನೀಲಿಯಾಗುತ್ತಿತ್ತಂತೆ. ಅದಕ್ಕೇ ಕೈಯಾರೆ ಒಂದು ಪೆಟ್ಟಿಗೆ ಮಾಡಿದ್ದರು. ಲೈನು ಕುಸಿದ ತಕ್ಷಣ ಬ್ಯಾಟರಿಗೆ ಬದಲಾಗಿ ಮಿಷಿನ್ನು ನಿಲ್ಲದಂತೆ ನೋಡಿಕೊಳ್ಳುವ ಪೆಟ್ಟಿಗೆ.

"ಎಂಡ್ತಿಗೆ ಆಕೋದು ಕಣಮ್ಮ. ನೀನು ಊಂ ಅನ್ನೋವರ್ಗೂ ನಾನು ಆಕಾಕಿಲ್ಲ," ಎಂದರು.

ನಾನು ನಮ್ಮ ರೆಕಾರ್ಡರನ್ನು ಅವರ ಮನೆಗೆ ಕೊಟ್ಟು ಕಳಿಸಿದೆ. ಮೂರು ದಿನದ ಏರಿಳಿತ ಹಿಡಿದು ತಂದರು. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಆ ಕರೆಂಟನ್ನು ಪೆಟ್ಟಿಗೆಯ ಮೇಲೆ ಇಪ್ಪತ್ತು ಸಲ ಆಡಿಸಿದೆ. ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ. ಪಾಸು ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಆಪತ್ತಿಗೆಂದು ಮನೆಯಲ್ಲಿಟ್ಟಿದ್ದ ಆಮ್ಲಜನಕದ ಸಿಲಿಂಡರು ಖಾಲಿಯಾಗಿತ್ತೆಂದು ಜೊತೆಯಲ್ಲೇ ತಂದಿದ್ದವರು, ಅದನ್ನು ತುಂಬಿಸಲು ಹಾಸನದಲ್ಲೇ ಬಿಟ್ಟು, ನಿಧಾನವಾಗಿ ಒಯ್ದರಾಯಿತು ಎಂದು ಸಂಜೆ ಬಸ್ಸಿಗೆ ಹೊರಟರು. ಹೋಗುವಾಗ, "ಈ ವಾರ ತ್ರೀ ಫೇಸು ಮಧ್ಯಾಹ್ನ ಅನ್ನೆರಡಕ್ಕೆ. ನಾಳೆ ನೋಡನ, ನಿನ್ನ ಮಾತು ಗೆಲ್ತದೋ, ನಮ್ಮೂರ ಮೋಟ್ರುಗಳು ಗೆಲ್ತವೋ," ಎಂದು ನಕ್ಕರು.

ಮಾರನೆಯ ದಿನ ಹನ್ನೊಂದೂ ಮುಕ್ಕಾಲಿಗೆ ನಾನು ಅವರ ರಿಪೋರ್ಟಿಗೆ ಚಿತ್ರ ಅಂಟಿಸುತ್ತಿದ್ದೆ. ಅವರ ಮನೆಯಲ್ಲಿ ಹಿಡಿದ ಅಲೆ ಒಂದು ಕಡೆ, ನಮ್ಮ ಯಂತ್ರ ಆಡಿಸಿದ ಅಲೆ ಇನ್ನೊಂದು ಕಡೆ. ಎರಡೂ ಒಂದೇ ಥರ ಇರಬೇಕು. ಇರಲಿಲ್ಲ. ಕುಸಿತವೇನೋ ಹಾಗೇ ಇತ್ತು. ಅದರ ಬೆನ್ನಿಗೇ ಸೂಜಿಯ ಹಾಗೆ ಮೇಲೆದ್ದಿದ್ದ ಹೊಡೆತ ಮಾತ್ರ ನಮ್ಮ ಚಿತ್ರದಲ್ಲಿ ನುಣ್ಣಗೆ ಗುಂಡಗಾಗಿತ್ತು. ನಾನು ದೊಡ್ಡಗದ್ದವಳ್ಳಿ ಕಡೆಯವಳು, ಅಲ್ಲಿನ ಹಳೆಯ ಗುಡಿಯ ಮೂಗು ಸವೆದ ಕಲ್ಲಿನ ಗೊಂಬೆಗಳನ್ನು ನೋಡಿಯೇ ಬೆಳೆದವಳು. ಹಾಗಿತ್ತು ಅದು.

ಹೋಗಿ ಗುಂಡಿ ನೋಡಿದೆ. ಯಂತ್ರ ನಿಧಾನದ ಸ್ಥಾನದಲ್ಲಿತ್ತು. ಪೆಟ್ಟಿಗೆಯ ಟೆಸ್ಟಿನ ಹಿಂದಿನ ದಿನ ಅರಕಲಗೂಡಿನವರೊಬ್ಬರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಫ್ಯಾನಿಗೆ ಹಾಕುವ ಕಂಟ್ರೋಲರ್ ತಂದಿದ್ದರು. ಉದ್ದನೆಯ ಕೇಬಲ್ಲಿಗೆ ಯಂತ್ರ ಸಿಳ್ಳೆ ಹೊಡೆಯತೊಡಗಿತ್ತು. ಸಿಳ್ಳೆ ನಿಲ್ಲಲೆಂದು ನಾನೇ ಅದರ ವೇಗ ಇಳಿಸಿದ್ದೆ. ಏರಿಸಲು ಮರೆತಿದ್ದೆ. ಬೇರೆಯವರ ಕೈ ಮುಟ್ಟದಂತೆ ಕಾವಲು ಕಾಯ್ದ ಮಹಾರಾಯಿತಿ ನಾನು.

ಅಂದರೆ ಆ ಪೆಟ್ಟಿಗೆ ನಿಜವಾದ ಹೊಡೆತವನ್ನು ಇನ್ನೂ ನೋಡಿಯೇ ಇರಲಿಲ್ಲ. ಹನ್ನೆರಡಕ್ಕೆ ನೋಡಲಿತ್ತು. ಅದರ ಒಳಗಿನ ಸ್ವಿಚ್ಚು ಸುಟ್ಟು ಅಂಟಿಕೊಂಡರೆ ಹೊಡೆತ ನೇರವಾಗಿ ಮಿಷಿನ್ನಿಗೆ ನುಗ್ಗುತ್ತದೆ. ಹಳೆಯ ಸ್ಟೆಬಿಲೈಜರಿನಲ್ಲಿ ಮಿಷಿನ್ನು ನಿಲ್ಲುತ್ತಿತ್ತು, ಕೆಡುತ್ತಿರಲಿಲ್ಲ. ಇವತ್ತು ಕೆಟ್ಟೇಹೋಗಬಹುದು. ಸಿಲಿಂಡರ್ ಹಾಸನದಲ್ಲಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲು ಬಂದ ಯೋಚನೆ ಫೋನಿನದಲ್ಲ. ಏನೂ ಆಗಲಾರದು, ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬುದು ಮೊದಲು ಬಂತು. ಆ ಯೋಚನೆ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಫೋನು ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಎತ್ತಿದರು. ಆದರೆ ಹಲೋ ಅನ್ನಲಿಲ್ಲ.

"ಅಯ್ಯಾ, ಲ್ಯಾಬಿಂದ. ಪೆಟ್ಟಿಗೆ ತೆಗೆದ್ಬಿಡಿ. ನಿನ್ನೆ ನಾನು ಮಾಡಿದ ಟೆಸ್ಟು ತಪ್ಪು."

ಉತ್ತರವಿಲ್ಲ. ಹಿಂದಿನಿಂದ ಆ ಮಿಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಟುಸ್ ಎನ್ನುವುದು, ಒಂದು ಗಳಿಗೆ ಬಿಡುವುದು, ಮತ್ತೆ ಟುಸ್.

"ಕೇಳುಸ್ತಾ ಐತಾ? ಅನ್ನೆರಡಕ್ಕೆ ಮುಂಚೆ ತೆಗೀಬೇಕು! ಅಳೇ ಸ್ಟೆಬಿಲೈಜರ್‌ಗೆ ಆಕ್ಬುಡಿ!" ಹಾಸನದಲ್ಲಿ ಇಷ್ಟು ವರ್ಷದಿಂದ ತಿದ್ದಿಕೊಂಡಿದ್ದ ನನ್ನ ಮಾತೆಲ್ಲ ಊರಿನ ಮಾತಾಗಿಹೋಗಿತ್ತು.

ಆಗಲೂ ಉತ್ತರವಿಲ್ಲ. ಸಿಟ್ಟು ಬಂದಿರಬೇಕು ಅಂದುಕೊಂಡೆ. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡೆ. ತಟ್ಟೆಯನ್ನು ನೆಲದ ಮೇಲೆ ಸರಿಸಿದ ಸದ್ದಾಯಿತು. ಲ್ಯಾಬಿನ ಗಡಿಯಾರದಲ್ಲಿ ಹನ್ನೆರಡಕ್ಕೆ ಮೂರು ನಿಮಿಷವಿತ್ತು. ಆ ಗಡಿಯಾರ ಸರಿಯಾಗಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಲೈನ್‌ಮ್ಯಾನ್ ಯಾವ ಗಡಿಯಾರ ನೋಡುತ್ತಾನೋ ಅದೂ ಗೊತ್ತಿರಲಿಲ್ಲ.

ಆಮೇಲೆ ಮಿಷಿನ್ನಿನ ಸದ್ದು ನಿಂತಿತು.

ಅವರು ಪ್ಲಗ್ಗು ಕಿತ್ತರೋ, ಕರೆಂಟು ಬಂದು ಎಲ್ಲ ಸುಟ್ಟುಹೋಯಿತೋ, ಹೇಗೆ ತಿಳಿಯಬೇಕು? "ಅಯ್ಯಾ, ಅಯ್ಯಾ" ಎಂದು ಕೂಗುತ್ತಿದ್ದೆ. ಅಳುತ್ತಲೂ ಇದ್ದೆ, ಅದು ಆಮೇಲೆ ಗೊತ್ತಾದದ್ದು. ಯಾರೋ ಕೆಮ್ಮಿದರು, ಹೆಂಗಸಿನ ಕೆಮ್ಮು. ಏನೋ ಭಾರದ ವಸ್ತು ಎಳೆದ ಹಾಗಾಯಿತು. ಮತ್ತೆ ಕೆಮ್ಮು.

ಟುಸ್.

ಬಿಡುವು. ಮತ್ತೆ ಟುಸ್.

ಫೋನಿನ ಹತ್ತಿರ ಹೆಜ್ಜೆ ಬಂತು. "ತೆಗ್ದೆ ಕಣಮ್ಮ," ಎಂದಿಷ್ಟೇ ಹೇಳಿ ಇಟ್ಟುಬಿಟ್ಟರು.

ಎರಡು ದಿನ ಬಿಟ್ಟು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಲ್ಯಾಬಿಗೆ ಬಂದರು. ಬೈಗುಳ ತಿನ್ನಲು ಸಿದ್ಧಳಾಗಿ ಕೂತಿದ್ದೆ. ಅವರು, "ಈವಾಗ ನಿಜವಾದ ಕಾಟ ಕೊಡು, ನೋಡನ," ಎಂದರು. ವೇಗ ಏರಿಸಿ ಅವರ ಮನೆಯ ಕರೆಂಟನ್ನು ಆಡಿಸಿದೆ. ಮೊದಲನೆಯ ಹೊಡೆತಕ್ಕೇ ಪಟ್ ಎಂದಿತು, ಸುಟ್ಟ ವಾಸನೆ ಬಂತು. ಅವರು ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ನಾನು ಕ್ಷಮಿಸಿ ಅಂದೆ. ಸುಟ್ಟ ಸ್ವಿಚ್ಚನ್ನು ಬೆರಳಲ್ಲಿ ತಿರುಗಿಸುತ್ತಾ, "ಒಡ್ತ ತಡ್ಯಾಕೆ ಇದಕ್ಕೆ ಮುಂದ್ಗಡೆ ಒಂದು ಕಾಯಿಲ್ ಬೇಕಾಗಿತ್ತು, ನಂದೂ ತಪ್ಪೈತೆ," ಎಂದರು.

ಮೂರು ವಾರ ಕೂತು ಹೊಸದು ಮಾಡಿದರು. ಈ ಸಲ ಪ್ರತಿ ಸುತ್ತಿಗೂ ಮುಂಚೆ ಎದ್ದು ಹೋಗಿ ಗುಂಡಿ ನೋಡಿ ಬರುತ್ತಿದ್ದೆ. ಪೆಟ್ಟಿಗೆ ಉಳಿಯಿತು. ಆದರೂ ಪಾಸು ಎಂದು ಬರೆಯಲು ಕೈ ಬರಲಿಲ್ಲ. ನಾನೂ ಬರುತ್ತೇನೆ, ಮನೆಯಲ್ಲಿ ಹಾಕಿ ನೋಡಿದ ಮೇಲೆ ಬರೆಯುತ್ತೇನೆ ಎಂದು ಅವರ ಜೊತೆಗೇ ಬಸ್ಸು ಹತ್ತಿದೆ. ತುಂಬಿದ ಸಿಲಿಂಡರು ಈಗ ಅವರ ಮನೆಯ ಮೂಲೆಯಲ್ಲಿತ್ತು.

ತ್ರೀ ಫೇಸಿನ ಸರದಿ ಮತ್ತೆ ಮಧ್ಯಾಹ್ನಕ್ಕೇ ಬಂದಿತ್ತು. ಹನ್ನೆರಡಾಯಿತು. ಬಲ್ಬು ಕುಗ್ಗಿತು, ಸುತ್ತಲ ತೋಟಗಳಲ್ಲಿ ಮೋಟಾರುಗಳು ಗೊಳ್ಳೆಂದವು. ಮಿಷಿನ್ನು ಟುಸ್ ಟುಸ್ ಎನ್ನುತ್ತಲೇ ಇತ್ತು. ಅವರು ನನ್ನ ಮುಖ ನೋಡಿ ತಲೆಯಾಡಿಸಿ, ಕೈ ತೊಳೆದು ಅಡುಗೆಮನೆಯಲ್ಲಿ ಊಟಕ್ಕೆ ಕೂತರು. ನಾನು ಅಲ್ಲಿಗೇ ಏನೋ ಕೇಳಲು ಹೋದೆ. ಮಂಚದ ಮೇಲಿದ್ದ ಅವರ ಹೆಂಡತಿ ಕೈ ಸನ್ನೆ ಮಾಡಿ ತಡೆದರು.

"ಊಟದಲ್ಲಿ ಮಾತಾಡಾಕಿಲ್ಲ ಅವ್ರು. ಮದ್ವೆ ಆದಾಗಿಂದ ನೋಡಿವ್ನಿ. ಮಾತಾಡುದ್ರೆ ಊಟ ಅಲ್ಲಿಗೇ ಮುಗೀತು." ಒಂದು ಉಸಿರು ಎಳೆದುಕೊಂಡು ಮುಂದುವರಿಸಿದರು. "ನೀನು ಫೋನ್ ಮಾಡ್ದಾಗ ಎರಡು ತುತ್ತು ಉಂಡಿದ್ರು ಅಷ್ಟೇ. ವ್ರತದ ದಿನ, ದಿನಕ್ಕೆ ಒಂದೇ ಊಟ. ತಟ್ಟೆ ಅಂಗೇ ಬಿಟ್ರು. ಮಾರ್ನೇ ದಿನ ಮಧ್ಯಾಹ್ನದ ತಂಕ ನೀರೂ ಮುಟ್ನಿಲ್ಲ."

ನಾನು ಮಂಚದ ಪಕ್ಕದಲ್ಲೇ ಕೂತೆ.

"ನಾನೇ ಬೈದೆ. ಕೆಲ್ಸ ಎಲ್ಲಾ ಕೈಯಾಗೇ ಮುಗುದಿತ್ತಲ್ಲ, ಮಿಷಿನ್ನೂ ಸುರುವಾಗಿತ್ತು, ಸುಮ್ನೆ ಬಂದು ಉಣ್ಣಬೋದಿತ್ತು, ಬಾಯಿ ಯಾಕ್ ಬುಟ್ರಿ ಅಂತ. ಅದುಕ್ಕೆ ಅವ್ರು, ಫೋನಿನ ಆ ಕಡೆ ಒಂದು ಎಣ್ಮಗ ಉಸ್ರು ಬಿಗಿ ಇಡ್ಕಂಡು ಕಾಯ್ತಿತ್ತಲ್ಲೇ, ಅಂದ್ರು."